ವಿಜಯಪುರದ ಹಸಿರಿಗೆ ಮೊದಲು ಬೇಕಿರುವುದು ನೀರಿನ ಲೆಕ್ಕ

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮೇಲೆ ಎರೆಮಣ್ಣು, ಅದರ ಕೆಳಗೆ ನೀರು ಇಳಿಯುವ ಕಲ್ಲುಮಿಶ್ರಿತ ಗರಸು, ಇನ್ನೂ ಕೆಳಗೆ ಕರಿಕಲ್ಲು. ಇಂಥ ನೆಲದಲ್ಲಿ ಊರು ಹಸಿರಾಗಬೇಕಾದರೆ ಎಷ್ಟು ಸಸಿ ನೆಟ್ಟೆವು ಎಂಬುದಕ್ಕಿಂತ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಆದಿಲ್‌ಶಾಹಿಗಳು ಊರು ಕಟ್ಟಿದ್ದೇ ಹಾಗೆ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಎಂಬ ಮೆಟ್ಟಿಲುಬಾವಿಗಳು ಕೋಟೆಯೊಳಗಿನ ಜನಕ್ಕೆ ನೀರು ಕೊಟ್ಟವು. ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಹರಿದುಬಂತು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ. ಆ ದಾರಿಯಲ್ಲಿ ನಿಂತಿರುವ ಗಂಜ್ ಎಂಬ ನೀರಿನ ಗೋಪುರಗಳನ್ನು ಹತ್ತಿರ ಹೋಗಿ ನೋಡಬೇಕು. ಕೊಳವೆಯ ನೀರು ಗೋಪುರದೊಳಗೆ ಏರುತ್ತಿತ್ತು. ಅಲ್ಲಿ ಅದರ ಒತ್ತಡ ಇಳಿಯುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಹೀಗಾಗಿ ಮುಂದಿನ ಕೊಳವೆ ಒಡೆಯುತ್ತಲೂ ಇರಲಿಲ್ಲ, ಕಟ್ಟಿಕೊಳ್ಳುತ್ತಲೂ ಇರಲಿಲ್ಲ. ಅರಮನೆಯ ಕಾರಂಜಿ, ತೋಟಗಳೆಲ್ಲ ಈ ಏರ್ಪಾಡಿನ ಮೇಲೆಯೇ ನಿಂತಿದ್ದವು.

1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಜನ ಕರಗಿದರು, ಕೊಳವೆಗಳು ಹೂತುಹೋದವು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಊರಿಗೆ ಮತ್ತೆ ಜೀವ ಬಂತು. ಮುಂದೆ ಕೊಳವೆಬಾವಿ ಬಂದವು, ಕೃಷ್ಣೆಯ ನೀರು ನಲ್ಲಿಗೆ ಬಂತು. ನಲ್ಲಿ ಬಂದದ್ದು ಒಳ್ಳೆಯದೇ. ಆದರೆ ಬಾವಡಿಗಳ ಕಡೆ ನೋಡುವವರು ಇಲ್ಲವಾದರು. ಕಸವೂ ಗಣಪತಿ ಮೂರ್ತಿಗಳೂ ಅವುಗಳ ಪಾಲಾದವು.

ಇತ್ತೀಚಿನ ಕೋಟಿ ವೃಕ್ಷ ಅಭಿಯಾನ ಜಿಲ್ಲೆಯಲ್ಲಿ ಗಿಡ ನೆಡುವ ಹುರುಪು ತುಂಬಿತು. ಅದು ದೊಡ್ಡ ಕೆಲಸ. ಆದರೆ ಊರೊಳಗಿನ ರಸ್ತೆಬದಿಯಲ್ಲಿ ಸಸಿ ಸಾಯುವುದಕ್ಕೆ ಕಾರಣಗಳೇ ಬೇರೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಎಳೆಬೇರನ್ನು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಕೊಳೆಸುತ್ತದೆ. ಒಂದಡಿ ತಗ್ಗು ತೋಡಿ ಸಸಿ ಇಟ್ಟರೆ ಅದು ಎರಡನೇ ಬೇಸಿಗೆ ಕಾಣುವುದು ಕಷ್ಟ. ಮೂರಡಿ ಉದ್ದ, ಅಗಲ, ಆಳದ ತಗ್ಗು ಬೇಕು. ತೆಗೆದ ಮಣ್ಣಿಗೆ ಮೂರರಲ್ಲೊಂದು ಪಾಲು ಗರಸು, ಅಷ್ಟೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇದ್ದ ಸಸಿಯ ಬೇರು ಸುರುಳಿ ಸುತ್ತಿರುತ್ತದೆ. ಆ ಸುರುಳಿಯನ್ನು ಕತ್ತರಿಸದೆ ನೆಟ್ಟರೆ ಮರ ದೊಡ್ಡದಾದ ಮೇಲೂ ಗಾಳಿಗೆ ಬುಡಸಮೇತ ಉರುಳುತ್ತದೆ. ಬೇವು, ಹುಣಸೆ, ಬಸರಿ ಈ ನೆಲಕ್ಕೆ ಒಗ್ಗಿದವು. ತಂತಿಯ ಕೆಳಗೆ ಮಾತ್ರ ಬಸರಿ ಬೇಡ, ವರ್ಷವರ್ಷ ಅದರ ತಲೆ ಕಡಿಯುತ್ತಾರೆ. ಅಲ್ಲಿ ಹೊಂಗೆಯನ್ನೇ ಸವರಿ ತಗ್ಗಾಗಿ ಬೆಳೆಸಬಹುದು.

ನೀರಿನ ಮಾತಿಗೆ ಬಂದರೆ, 1,000 ಚದರಡಿ ಚಾವಣಿಯ ಮೇಲೆ ವರ್ಷದ ಮಳೆಯಲ್ಲಿ ಸುಮಾರು 55,000 ಲೀಟರ್ ಬೀಳುತ್ತದೆ; ಸೋರಿ ಆವಿಯಾದದ್ದನ್ನು ಕಳೆದರೂ 44,000 ಲೀಟರ್ ಸಿಗುತ್ತದೆ. ಇಂಗುಗುಂಡಿ ಎರೆಮಣ್ಣಿನಲ್ಲೇ ನಿಂತರೆ ನೀರು ಇಳಿಯುವುದಿಲ್ಲ, ಸೊಳ್ಳೆಗೆ ಮನೆಯಾಗುತ್ತದೆ. ಗುಂಡಿ ಗರಸು ಮುಟ್ಟುವವರೆಗೆ ತೋಡಬೇಕು. ತಳಕ್ಕೆ ದಪ್ಪಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಮಳೆಗಾಲಕ್ಕೆ ಮೊದಲು ಮೇಲಿನ ಮರಳನ್ನು ತೆಗೆದು ತೊಳೆಯದಿದ್ದರೆ ಎರಡೇ ವರ್ಷದಲ್ಲಿ ಕೆನೆಗಟ್ಟಿ ನಿಲ್ಲುತ್ತದೆ. ಹಳೆಯ ತೆರೆದ ಬಾವಿ ಇದ್ದರೆ ಸೋಸಿದ ನೀರನ್ನು ಅದಕ್ಕೇ ಬಿಡುವುದು ಇನ್ನೂ ಅಗ್ಗ.

ಕಾನೂನು ಇಲ್ಲವೆನ್ನುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಬದಲಿ ಗಿಡವನ್ನೂ ನೆಡಬೇಕು. ಸೋಲುತ್ತಿರುವುದು ಎಸ್ಟಿಮೇಟಿನಲ್ಲಿ. ರಸ್ತೆ ಕಾಮಗಾರಿಯ ಪಟ್ಟಿಯಲ್ಲಿ ಪೇವರ್ ಕಲ್ಲು ಮರದ ಬುಡದವರೆಗೂ ಬರುತ್ತದೆ, ನಾಲ್ಕಡಿ ಚೌಕ ಬಿಡಬೇಕೆಂಬ ಸಾಲು ಇರುವುದಿಲ್ಲ. ಸಸಿಯ ಬೆಲೆ ಇರುತ್ತದೆ, ಮೂರು ಬೇಸಿಗೆ ವಾರಕ್ಕೊಮ್ಮೆ ಇಪ್ಪತ್ತು ಲೀಟರ್ ಹಾಕುವ ಟ್ಯಾಂಕರಿನ ಖರ್ಚು ಇರುವುದಿಲ್ಲ. ಈ ಎರಡು ಸಾಲುಗಳನ್ನು ಟೆಂಡರ್ ಕರೆಯುವ ಮೊದಲೇ ಸೇರಿಸಬೇಕು.