ಬೆರ್ಗೊಂಝಿಯ ಗಂಟಲು ಅಷ್ಟು ವರ್ಷ ಬಾಳಿದ್ದು ಹೇಗೆ?

"ಮೇಲಿನ ಸ್ವರ ಸಲೀಸಾಗಿ ಬರ್ತಿಲ್ಲ, ಏನು ಮಾಡ್ಲಿ ಡಾಕ್ಟ್ರೇ?" ಗಂಟಲು ತೋರಿಸಲು ಬರುವ ಗಾಯಕರು ಜಾಸ್ತಿ ಕೇಳುವ ಪ್ರಶ್ನೆ ಇದು. ಆ ಸ್ವರವನ್ನು ಸ್ವಲ್ಪ ದಿನ ಮರೆತುಬಿಡಿ, ಅದಕ್ಕಿಂತ ಕೆಳಗಿನ ನಾಲ್ಕೈದು ಸ್ವರ ಹೇಗೆ ಬರ್ತಿವೆ ನೋಡೋಣ ಎನ್ನುತ್ತೇನೆ. ಕೆಲವರಿಗೆ ಇದು ಸಮಾಧಾನ ತರುವುದಿಲ್ಲ. ಅಂಥವರಿಗೆ ಇಟಲಿಯ ಒಪೆರಾ ಗಾಯಕ, ಟೆನರ್ ಕಾರ್ಲೊ ಬೆರ್ಗೊಂಝಿಯವರ ಕತೆ ಹೇಳುತ್ತೇನೆ.

ಬೆರ್ಗೊಂಝಿ ಹುಟ್ಟಿದ್ದು 1924ರಲ್ಲಿ, ಪಾರ್ಮಾ ಸೀಮೆಯ ವಿದಲೆಂಝೊ ಹಳ್ಳಿಯಲ್ಲಿ. ಒಪೆರಾ ಸಂಯೋಜಕ ವೆರ್ದಿಯ ಊರಾದ ಬುಸ್ಸೆಟೊ ಅಲ್ಲೇ ಹತ್ತಿರ. ಹುಡುಗನಾಗಿದ್ದಾಗ ಚೀಸ್ ತಯಾರಿಸುವ ಕೆಲಸ ಮಾಡಿದವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯನ್ನೂ ಕಂಡರು. ಯುದ್ಧ ಮುಗಿದ ಮೇಲೆ ರಂಗಕ್ಕೆ ಬಂದದ್ದು ಟೆನರ್ ಆಗಿ ಅಲ್ಲ, ಬ್ಯಾರಿಟೋನ್ ಆಗಿ. ಒಪೆರಾದ ಗಂಡು ಧ್ವನಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು ಬಾಸ್, ಎತ್ತರದ್ದು ಟೆನರ್, ನಡುವೆ ಬ್ಯಾರಿಟೋನ್. ಕೆಲವು ವರ್ಷ ಹಾಗೇ ಹಾಡಿದ ಮೇಲೆ ತನ್ನ ಜಾಗ ಇದಲ್ಲ ಅನ್ನಿಸಿತು. ಕರೂಸೊ, ಜೀಲಿ, ಸ್ಕೀಪಾರಂಥ ಹಳೆಯ ಟೆನರ್‌ಗಳ ರೆಕಾರ್ಡು ಕೇಳುತ್ತಾ ತಾವೇ ಧ್ವನಿಯನ್ನು ತಿದ್ದಿಕೊಂಡರು. 1951ರಲ್ಲಿ ಬಾರಿ ನಗರದಲ್ಲಿ 'ಆಂಡ್ರಿಯಾ ಶೆನಿಯೆ' ಒಪೆರಾದ ನಾಯಕನಾಗಿ ಟೆನರ್ ಪಾತ್ರ ಹಾಡಿದರು.

ಧ್ವನಿತಂತುಗಳ ಉದ್ದ ಪ್ರಾಯಕ್ಕೆ ಬಂದ ಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾದರೆ ಬ್ಯಾರಿಟೋನ್ ಟೆನರ್ ಆದದ್ದು ಹೇಗೆ? ಆಗಿಲ್ಲ, ಮೊದಲಿನಿಂದಲೂ ಟೆನರ್ರೇ ಆಗಿದ್ದರು ಅನ್ನುವುದು ನನ್ನ ಊಹೆ. ಎಳೆಯ ಗಾಯಕರ ಧ್ವನಿಯನ್ನು ಅದರ ಬಣ್ಣ ನೋಡಿ ಗುರುತಿಸುವುದು ರೂಢಿ. ದನಿ ಸ್ವಲ್ಪ ಗಾಢವಾಗಿದ್ದರೆ ಬ್ಯಾರಿಟೋನ್ ಅಂದುಬಿಡುತ್ತಾರೆ. ನಾನು ನೋಡುವುದು ಬೇರೆ: ಸ್ವರ ಏರುತ್ತಾ ಹೋದಾಗ ಧ್ವನಿ ಯಾವ ಜಾಗದಲ್ಲಿ ತಡವರಿಸುತ್ತದೆ?

ಗಂಟಲೊಳಗೆ ಎರಡು ಸ್ನಾಯುಗಳ ಜಗ್ಗಾಟ ನಡೆಯುತ್ತಿರುತ್ತದೆ. ಒಂದು ತಂತುವಿನ ಒಳಗೇ ಇದ್ದು ಅದನ್ನು ದಪ್ಪ, ಗಿಡ್ಡ ಮಾಡುತ್ತದೆ. ಮಾತಾಡುವಾಗ ಅದರದೇ ಮೇಲುಗೈ. ಇನ್ನೊಂದು ತಂತುವನ್ನು ಎಳೆದು ತೆಳ್ಳಗೆ ಮಾಡುತ್ತದೆ. ಸ್ವರ ಏರಿದಂತೆ ಮೊದಲನೆಯದು ಮೆಲ್ಲಗೆ ಸಡಿಲ ಬಿಡಬೇಕು. ಈ ಕೈ ಬದಲಾಗುವ ಜಾಗಕ್ಕೆ ಇಟಲಿಯವರು ಪಸ್ಸಾಜ್ಜೊ ಎನ್ನುತ್ತಾರೆ. ಟೆನರ್‌ಗಳಲ್ಲಿ ಅದು ಸುಮಾರು 330ರಿಂದ 370 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು, ಬ್ಯಾರಿಟೋನ್‌ಗಳಲ್ಲಿ ಇನ್ನೂ ಕೆಳಗೆ. ಅಲ್ಲಿ ಸಡಿಲ ಬಿಡದೆ ಮೇಲಕ್ಕೆ ತಳ್ಳಿದರೆ, ಘಾಟಿ ಹತ್ತುವಾಗ ಗೇರ್ ಬದಲಿಸದೆ ಆಕ್ಸಿಲರೇಟರ್ ತುಳಿದ ಹಾಗೆ. ಗಾಡಿ ಹತ್ತುತ್ತದೆ, ಇಂಜಿನ್ ಸವೆಯುತ್ತದೆ. ಟೆನರ್‌ನ ಹೆಸರಾಂತ ಮೇಲಿನ 'ಸಿ' ಸ್ವರ ಹಾಡುವಾಗ ತಂತುಗಳು ಸೆಕೆಂಡಿಗೆ 520ಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ದಪ್ಪ ತಂತು ಅಷ್ಟು ಸಲ ಬಡಿದರೆ ಊತ, ಆಮೇಲೆ ಗಂಟು.

ಬೆರ್ಗೊಂಝಿ ಈ ಜಾಗ ದಾಟುವಾಗ 'ಆ' ಕಾರವನ್ನು ಒಂಚೂರು 'ಓ' ಕಡೆ ವಾಲಿಸುತ್ತಿದ್ದರು. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. 1970ರ ದಶಕದಲ್ಲಿ ಅವರು ವೆರ್ದಿಯ 31 ಟೆನರ್ ಹಾಡುಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿದ್ದಾರೆ. ಅದರಲ್ಲಿ ಯಾವುದನ್ನಾದರೂ ಹಾಕಿ, ಕೈ ಬದಲಾದ ಹೊಲಿಗೆ ಎಲ್ಲಿದೆ ಹುಡುಕಿ ನೋಡಿ. ಸ್ವರವನ್ನು ಉಸಿರು ಕಡಿಯದೆ ಉದ್ದಕ್ಕೆ ಹರಿಸುವುದರಲ್ಲಂತೂ ಅವರು ಗಟ್ಟಿಗರು. ಇಷ್ಟೆಲ್ಲ ಮೈಕ್ ಇಲ್ಲದೆ! ತರಬೇತಾದ ಗಂಡಸರ ಧ್ವನಿಯಲ್ಲಿ 3000 ಹರ್ಟ್ಸ್ ಹತ್ತಿರ ಶಕ್ತಿ ಗುಡ್ಡೆ ಬೀಳುತ್ತದೆ. ವಾದ್ಯಗಳ ಶಕ್ತಿ ಅಲ್ಲಿ ಕಡಿಮೆ. ಹಾಗಾಗಿ ಕಿರುಚದೆಯೂ ಕೊನೆಯ ಸಾಲಿಗೆ ಕೇಳುತ್ತದೆ.

ಅವರದೇ ಕಾಲದ ಟೆನರ್ ಜುಸೆಪ್ಪೆ ದಿ ಸ್ಟೆಫಾನೊ ನನಗೆ ಇನ್ನೂ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಎಂಥ ಸಿಹಿ ದನಿ! ಆದರೆ ಅವರು ಪಸ್ಸಾಜ್ಜೊದಲ್ಲೂ 'ಆ' ಕಾರವನ್ನು ಅಗಲವಾಗಿ ತೆರೆದೇ ಹಾಡುತ್ತಿದ್ದರು. 1950ರ ದಶಕದ ಕೊನೆಗೆ ಭಾರದ ಪಾತ್ರಗಳನ್ನೂ ಮೈಮೇಲೆ ಹಾಕಿಕೊಂಡರು. ನಲವತ್ತರ ಹೊತ್ತಿಗೆ ದನಿ ಸವೆದಿತ್ತು. ಬೇರೆ ಕಾರಣಗಳೂ ಇದ್ದಿರಬಹುದು. ಗಂಟಲು ನೋಡದೆ ಇದೊಂದೇ ಕಾರಣ ಎಂದು ಯಾವ ವೈದ್ಯರೂ ಹೇಳಬಾರದು.

ಬೆರ್ಗೊಂಝಿ 1956ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಕ್ಕೆ ಬಂದರು. 1980ರ ದಶಕದಲ್ಲೂ ಅಲ್ಲಿ ಹಾಡುತ್ತಿದ್ದರು. ತಮಗೆ ಒಗ್ಗದ ಪಾತ್ರವನ್ನು ಒಪ್ಪಿಕೊಂಡದ್ದು ಕಮ್ಮಿ. ವೆರ್ದಿಯ ಟೆನರ್ ಪಾತ್ರಗಳಲ್ಲೇ ಎಲ್ಲಕ್ಕಿಂತ ಭಾರವಾದ 'ಒಥೆಲೊ'ವನ್ನು ರಂಗದ ಮೇಲೆ ಹಾಡಿರಲಿಲ್ಲ. 2000ದ ಮೇ ತಿಂಗಳಲ್ಲಿ, 75ನೇ ವಯಸ್ಸಿನಲ್ಲಿ, ಕಾರ್ನೆಗಿ ಹಾಲ್‌ನಲ್ಲಿ ಅದನ್ನೂ ಹಾಡಲು ನಿಂತರು. ಎರಡು ಅಂಕ ಮುಗಿಸುವಷ್ಟರಲ್ಲಿ ದನಿ ಕೈಕೊಟ್ಟಿತು. ಉಳಿದದ್ದನ್ನು ಬೇರೆ ಟೆನರ್ ಹಾಡಿದರು.

ಡ್ರೆಸ್ಸಿಂಗ್ ರೂಮಿನ ಏಸಿಯಿಂದ ಗಂಟಲು ಕೆಟ್ಟಿತು ಎಂದು ಆಗ ವರದಿಯಾಗಿತ್ತು. ಸುಮ್ನೆ ನೆಪ ಅಲ್ವಾ ಅನ್ನುವವರಿದ್ದಾರೆ. ನಾನು ಹಾಗೆ ತಳ್ಳಿಹಾಕುವುದಿಲ್ಲ. ಒಣಗಾಳಿಗೆ ತಂತುಗಳ ಮೇಲಿನ ತೇವ ಆರುತ್ತದೆ, ಅವು ಕಂಪಿಸಲು ಜಾಸ್ತಿ ಒತ್ತಡ ಬೇಕಾಗುತ್ತದೆ. ಮೂವತ್ತರ ಗಂಟಲು ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಮೇಲೆ ತಂತುವಿನ ಸ್ನಾಯು ತೆಳುವಾಗಿರುತ್ತದೆ, ಎರಡೂ ಅಂಚು ಪೂರ್ತಿ ಕೂಡುವುದಿಲ್ಲ, ಉಸಿರೂ ಸೋರುತ್ತದೆ. ಅದರ ಮೇಲೆ ಒಥೆಲೊ ಪಾತ್ರದ ಭಾರವೆಲ್ಲ ಬೀಳುವುದು ಮೇಲಿನ ತುತ್ತತುದಿಯ ಮೇಲಲ್ಲ, ನಡುವಿನ ಸ್ವರಗಳು ಮತ್ತು ಪಸ್ಸಾಜ್ಜೊದ ಮೇಲೆ, ದಟ್ಟ ವಾದ್ಯವೃಂದದ ಎದುರು. ಹಗುರ ಪಾತ್ರ ಆರಿಸಿಕೊಂಡಿದ್ದರೆ ಆ ರಾತ್ರಿ ಕೊನೆಯವರೆಗೂ ಹಾಡುತ್ತಿದ್ದರೋ ಏನೋ.