ಚಾಪೆ ಜೇಕು ನೆಟ್ಟರೆ ತೋಟವೆಲ್ಲ ಕೊನ್ನಾರಿ ಆಗುತ್ತಾ?

ಪ್ರಶ್ನೆ: ಚಾಪೆ ಹೆಣೆಯುವ ಜೇಕನ್ನು ಗುರುತಿಸೋದು ಹೇಗೆ? ಬೀಳು ಬಿಟ್ಟ ಗದ್ದೆ ಮೂಲೆಯಲ್ಲಿ ನೆಡಬೇಕು ಅಂತಿದ್ದೇನೆ. ಆದರೆ ಅದು ಕೊನ್ನಾರಿ ಕಳೆ ಆಗಿ ಅಡಿಕೆ ತೋಟಕ್ಕೆಲ್ಲ ಹಬ್ಬುತ್ತೆ ಅಂತ ಮನೆಯಲ್ಲಿ ಬೇಡ ಅನ್ನುತ್ತಾರೆ.

ಮಳೆಗಾಲ ಹತ್ತಿರ ಬಂತು ಅಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಸಾಗರದಿಂದ, ಸೊರಬದಿಂದ, ಹೊಸನಗರದಿಂದ. ನನ್ನ ಉತ್ತರವೂ ಪ್ರತಿ ಸಲ ಅದೇ. ಆಗಲ್ಲ. ಬದನೆ ನೆಟ್ಟರೆ ಸುಂಡೆಕಾಯಿ ಬಿಡುತ್ತಾ? ಅವೆರಡೂ ಒಂದೇ ಕುಲದ ಗಿಡಗಳು, ಆದರೂ ಬೇರೆ ಬೇರೆ ಜಾತಿ. ಇಲ್ಲೂ ಹಾಗೇ. ಚಾಪೆ ಜೇಕು ಸೈಪರಸ್ ಪಂಗೊರೈ, ಕೊನ್ನಾರಿ ಸೈಪರಸ್ ರೊಟಂಡಸ್.

ಗೊಂದಲ ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ಎರಡರ ಕಾಂಡವೂ ಮೂರು ಮೂಲೆಯದ್ದು. ಬೆರಳ ನಡುವೆ ಹೊರಳಿಸಿದರೆ ನುಣ್ಣಗೆ ಉರುಳಲ್ಲ, ತಡೆದು ತಡೆದು ತಿರುಗುತ್ತದೆ. ಅಷ್ಟು ನೋಡಿ "ಓ, ಕೊನ್ನಾರಿ" ಅಂದುಬಿಡುತ್ತಾರೆ. ಮೂರು ಮೂಲೆ ಅನ್ನೋದು ಮನೆತನದ ಗುರುತು. ಜೇಕಿನ ಕುಟುಂಬದಲ್ಲಿ ಸುಮಾರು 5,500 ಜಾತಿಗಳಿವೆ, ಅದರಲ್ಲಿ ಬಹುಪಾಲಿಗೆ ಆ ಮೂಲೆಗಳಿವೆ. ಮನೆತನ ಗೊತ್ತಾದ ಮಾತ್ರಕ್ಕೆ ಆಳು ಯಾರು ಅಂತ ಗೊತ್ತಾಗಲ್ಲ ಅಲ್ವಾ?

ಆಳು ಯಾರು ಅಂತ ತಿಳಿಯಬೇಕಾದರೆ ಗುದ್ದಲಿ ತನ್ನಿ. ಬುಡವನ್ನು ಮಣ್ಣಿನ ಸಮೇತ ಎತ್ತಿ, ನೀರಲ್ಲಿ ಅಲ್ಲಾಡಿಸಿ ತೊಳೆಯಿರಿ. ಕೊನ್ನಾರಿ ಆದರೆ ದಾರದಂಥ ಎಳೆ ಕಾಣುತ್ತದೆ. ಅದರಲ್ಲಿ ಕಪ್ಪು ಕಪ್ಪು ಗಡ್ಡೆಗಳು, ಸರಕ್ಕೆ ಮಣಿ ಪೋಣಿಸಿದ ಹಾಗೆ. ಒಂದನ್ನು ಜಜ್ಜಿ ಮೂಸಿ, ಘಮ ಬರುತ್ತದೆ. ಆ ಎಳೆ ಬಲು ನಾಜೂಕು. ಎಳೆದರೆ ಪಟ್ಟನೆ ತುಂಡಾಗುತ್ತದೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಸರ ಇಡೀ ಇದ್ದಾಗ ತುದಿಯ ಗಡ್ಡೆ ಚಿಗುರಿ ಮಿಕ್ಕವನ್ನು ಸುಮ್ನೆ ಮಲಗಿಸಿರುತ್ತದೆ. ಸರ ಕಡಿಯಿತೋ, ಮಲಗಿದ್ದವೆಲ್ಲ ಏಳುತ್ತವೆ. ಟಿಲ್ಲರ್ ಹೊಡೆಸಿದ ಮೇಲೆ ಕೊನ್ನಾರಿ ಇಮ್ಮಡಿ ಆಯಿತು ಅನ್ನುವುದು ಇದಕ್ಕೇ. ಅದು ಕೊನ್ನಾರಿಯ ಗುಣ, ಜೇಕಿನ ತಲೆಗೆ ಕಟ್ಟಬೇಡಿ.

ಚಾಪೆ ಜೇಕಿಗೆ ಈ ಮಣಿಸರ ಇಲ್ಲ. ಕೆಸರಲ್ಲಿ ಅಡ್ಡ ಮಲಗಿದ ಗಟ್ಟಿ ಬೇರುಕಾಂಡ ಇರುತ್ತದೆ, ಅದರಿಂದ ಸಾಲಾಗಿ ಕಡ್ಡಿಗಳು ಏಳುತ್ತವೆ. ಹಬ್ಬೋದೇ ಇಲ್ಲ ಅಂತ ನಾನು ಹೇಳಲ್ಲ. ಒದ್ದೆ ಇರುವಷ್ಟು ದೂರ ನಿಧಾನವಾಗಿ ಹೋಗುತ್ತದೆ. ತೋಟದ ಬಸಿಗಾಲುವೆಗೆ ತಾಗಿಸಿ ನೆಡಬೇಡಿ, ಅಷ್ಟು ಸಾಕು.

ನೆಲದ ಮೇಲಿನ ಗುರುತು ಇನ್ನೂ ಸುಲಭ. ಕೊನ್ನಾರಿ ಮೊಣಕಾಲು ಮುಟ್ಟಿದರೆ ಹೆಚ್ಚು, ಬುಡದಲ್ಲಿ ಹೊಳೆಯುವ ಎಲೆ ಜಾಸ್ತಿ, ಹೂವಿನ ತೆನೆ ಕೆಂಗಂದು. ಚಾಪೆ ಜೇಕು ಸೊಂಟದೆತ್ತರ, ಕೆಲವೊಮ್ಮೆ ಇನ್ನೂ ಮೇಲೆ. ಎಲೆ ಇದ್ದೂ ಇಲ್ಲದ ಹಾಗೆ, ಬುಡದಲ್ಲಿ ಬರೀ ಒರೆ. ಕಾಂಡ ದುಂಡಗಿದ್ದು ಒಳಗೆ ಅಡ್ಡ ಪರದೆಗಳಿದ್ದರೆ ಅದು ಬೇರೆ ಜಾತಿ. ಅಗಲ ಎಲೆ, ಕಂದು ಕಡುಬಿನಂಥ ತೆನೆ ಇದ್ದರೆ ಅದು ಆಪು.

ಬೆಳೆಸೋದು ಕಷ್ಟವೇನಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ, ಎರಡು ಮೂರು ಮೊಳಕೆ ಇರುವ ಬೇರುಕಾಂಡದ ತುಂಡುಗಳನ್ನು ಕೆಸರಲ್ಲಿ ಗೇಣುದ್ದ ಬಿಟ್ಟು ನೆಡಿ. ಬಿಸಿಲು ಚೆನ್ನಾಗಿ ಬೀಳಬೇಕು. ಅಡಿಕೆ ನೆರಳಲ್ಲಿ ಕಡ್ಡಿ ಸೊರಗುತ್ತದೆ. ಬೇಸಿಗೆಯಲ್ಲೂ ಮಣ್ಣು ಒಣಗಿ ಬಿರುಕು ಬಿಡಬಾರದು. ಒಮ್ಮೆ ಬೇರೂರಿದರೆ ಹಲವು ವರ್ಷ ಕೊಯ್ಯಬಹುದು. ತಮಿಳುನಾಡಿನಲ್ಲಿ ಇದಕ್ಕೆ ಕೋರೈ ಅನ್ನುತ್ತಾರೆ. ತಾಮಿರಬರಣಿ ಹೊಳೆ ಹತ್ತಿರದ ಪತ್ತಮಡೈ ಚಾಪೆ ಇದರದ್ದೇ. ಹಸಿ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಣಗಿಸಿ, ನೀರಲ್ಲಿ ನೆನೆಸಿ, ಮತ್ತೆ ಒಣಗಿಸಿ ನೇಯುತ್ತಾರೆ. ಮುಂಡಿಗೆ ಚಾಪೆ ಮೇಲೆ ಮಲಗಿ ಬೆಳೆದ ನನಗೆ ಅದರ ನುಣುಪು ಮೊದಲ ಸಲ ಮುಟ್ಟಿದಾಗ ನಂಬಲಾಗಲಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ. ಹುಲ್ಲಿಗೆ ಅಂತ ಅಂಗಡಿಯವರು ಕೊಡುವ ಕ್ವಿಜಾಲೊಫಾಪ್‌ನಂಥ ಔಷಧಿ ಹೊಡೆದೂ ಕೊನ್ನಾರಿ ಹಸಿರಾಗೇ ನಿಂತಿರುತ್ತದಲ್ಲ, ಯಾಕೆ? ಕೊನ್ನಾರಿ ಹುಲ್ಲೇ ಅಲ್ಲ, ಅದಕ್ಕೆ. ಆ ಔಷಧಿ ಕೆಲಸ ಮಾಡೋದು ಹುಲ್ಲಿನ ಕುಟುಂಬದ ಮೇಲೆ, ಜೇಕಿನ ಕುಟುಂಬ ಅದಕ್ಕೆ ಬಗ್ಗಲ್ಲ. ಎಲೆ ನೋಡಿದರೇ ಗೊತ್ತಾಗುತ್ತದೆ. ಹುಲ್ಲಿನ ಎಲೆ ಎರಡು ಸಾಲಿನಲ್ಲಿ ಹೊರಡುತ್ತದೆ, ಜೇಕಿನದು ಮೂರು ಸಾಲಿನಲ್ಲಿ. ದುಡ್ಡು ಕೊಡುವ ಮೊದಲು ಒಂದು ಗಿಡ ಕಿತ್ತು, ನೆತ್ತಿಯ ಮೇಲಿನಿಂದ ಎಣಿಸಿ. ಮೂರು ಸಾಲು ಇದ್ದರೆ ಬಾಟಲಿ ಬೇಡ. ಬೇಸಿಗೆ ಬಿಸಿಲಲ್ಲಿ ಅಗೆದು, ಗಡ್ಡೆ ಆರಿಸಿ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ. ಪೂರ್ತಿ ಒಣಗಿದ ಗಡ್ಡೆ ಮತ್ತೆ ಮೊಳೆಯಲ್ಲ.