‘ನನಗೆ ಹಸಿವಾಗಿದೆ’: ಇಲ್ಲಿ ಕರ್ತೃ ಯಾರು?

ಹಸಿದಿರುವುದು ನಾನು. ಆದರೆ ಶಾಲೆಯ ವ್ಯಾಕರಣದ ಪ್ರಕಾರ ಈ ವಾಕ್ಯದಲ್ಲಿ ನಾನು ಕರ್ತೃ ಅಲ್ಲ. ‘ನನಗೆ’ ಚತುರ್ಥಿ ವಿಭಕ್ತಿ, ಆದ್ದರಿಂದ ಸಂಪ್ರದಾನ, ಅಂದರೆ ‘ಯಾರಿಗೆ’ ಅನ್ನುವುದನ್ನು ಹೇಳುವ ಪದ. ಕರ್ತೃ ಪಟ್ಟ ‘ಹಸಿವು’ ಪಾಲಿಗೆ. ಕ್ರಿಯಾಪದವೂ ಅದರ ಕಡೆಗೇ ಇದೆ: ‘ಆಗಿದೆ’ ಅನ್ನುತ್ತೇವೆ, ‘ಆಗಿದ್ದೇನೆ’ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಸಿಗುತ್ತದೆ, ಸರಿ. ಭಾಷಾವಿಜ್ಞಾನಿಗಳು ಮಾತ್ರ ಸುಮಾರು ಐವತ್ತು ವರ್ಷದಿಂದ ಇದನ್ನು ಒಪ್ಪದೆ ಕಿತ್ತಾಡುತ್ತಿದ್ದಾರೆ.

ವಿಷಯ ಬಹಳ ಹಳೆಯದು. ಪಾಣಿನಿ ಇದಕ್ಕಾಗಿಯೇ ಒಂದು ಸೂತ್ರ (1.4.33) ಬರೆದಿದ್ದಾನೆ: ರುಚಿಸು ಅನ್ನುವ ಅರ್ಥದ ಧಾತುಗಳಿದ್ದರೆ, ಯಾರಿಗೆ ಇಷ್ಟವೋ ಅವರು ಸಂಪ್ರದಾನ. ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ದೇವದತ್ತಾಯ ರೋಚತೇ ಮೋದಕಃ’. ಪ್ರಥಮಾ ವಿಭಕ್ತಿ ಮೋದಕಕ್ಕೆ, ಚಪ್ಪರಿಸುವ ದೇವದತ್ತನಿಗೆ ಚತುರ್ಥಿ.

ಈಗಿನ ಚರ್ಚೆ ಬಿಸಿಯಾಗಿದ್ದು 1976ರ ಆಸುಪಾಸಿನಲ್ಲಿ. ಆ ವರ್ಷ ಭಾಷಾವಿಜ್ಞಾನಿ ಕಾಲಿನ್ ಮಸಿಕಾ ದಕ್ಷಿಣ ಏಷ್ಯಾದ ಭಾಷೆಗಳು ಹಂಚಿಕೊಂಡಿರುವ ಗುಣಗಳ ಪಟ್ಟಿಯಲ್ಲಿ ‘ನನಗೆ ಹಸಿವು’ ಥರದ ಈ ರಚನೆಯನ್ನೂ ಸೇರಿಸಿದರು. ಅದೇ ವರ್ಷ ಇನ್ನೊಬ್ಬ ಭಾಷಾವಿಜ್ಞಾನಿ ಎಡ್ವರ್ಡ್ ಕೀನನ್ ಒಂದು ಮುಖ್ಯ ಮಾತು ಹೇಳಿದರು: ಕರ್ತೃ ಅನ್ನುವುದು ಒಂದೇ ಗುಣವಲ್ಲ, ಗುಣಗಳ ಗೊಂಚಲು. ವಿಭಕ್ತಿ, ಕ್ರಿಯಾಪದದ ಹೊಂದಿಕೆ ಒಂದು ಕಡೆ. ವಾಕ್ಯದ ಒಳಗೆ ಆ ಪದ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಇನ್ನೊಂದು ಕಡೆ. ಎರಡೂ ಒಂದೇ ಪದದಲ್ಲಿ ಸೇರಿರಬೇಕು ಅಂತ ಎಲ್ಲೂ ನಿಯಮವಿಲ್ಲ.

1979ರಲ್ಲಿ ಎಸ್.ಎನ್. ಶ್ರೀಧರ್ ‘ಲಿಂಗ್ವಾ’ ಪತ್ರಿಕೆಯಲ್ಲಿ ಕನ್ನಡದ ಇಂಥ ವಾಕ್ಯಗಳನ್ನೇ ಇಟ್ಟುಕೊಂಡು ಕರ್ತೃ ಎಂದರೇನು ಅಂತ ಕೇಳಿದರು. ಒಂದು ಪದ ಕರ್ತೃವೋ ಅಲ್ಲವೋ ಅನ್ನುವ ಪರೀಕ್ಷೆ ಹೇಗಿರುತ್ತದೆ ಅಂತ ನೀವೇ ಮಾಡಿ ನೋಡಬಹುದು. ‘ರವಿಗೆ ತನ್ನ ತಂಗಿ ನೆನಪಾದಳು.’ ತಂಗಿ ಯಾರವಳು? ರವಿಯವಳು. ಈಗ ‘ರವಿಗೆ ಶೀಲಾ ತನ್ನ ತಂಗಿಯನ್ನು ಪರಿಚಯಿಸಿದಳು’. ಇಲ್ಲಿ ತಂಗಿ ಶೀಲಾಳದ್ದು. ಎರಡರಲ್ಲೂ ಇರುವುದು ಅದೇ ‘ರವಿಗೆ’, ಅದೇ ಚತುರ್ಥಿ. ಆದರೆ ‘ತನ್ನ’ ಸಾಮಾನ್ಯವಾಗಿ ಹುಡುಕಿಕೊಂಡು ಹೋಗುವುದು ಕರ್ತೃವನ್ನು, ಅದು ಮೊದಲ ವಾಕ್ಯದಲ್ಲಿ ಮಾತ್ರ ರವಿಯ ಹತ್ತಿರ ಹೋಗಿ ನಿಂತಿತು. ‘ನೆನಪಾದಳು’ ಅನ್ನುವ ಕ್ರಿಯಾಪದ ಮಾತ್ರ ತಂಗಿಯ ಜೊತೆಗೇ ಉಳಿಯಿತು. ಗೊಂಚಲು ಒಡೆದು ಇಬ್ಬರಿಗೆ ಹಂಚಿಹೋಗಿದೆ, ಅಲ್ವಾ?

‘ಓಡಿ ಓಡಿ ನನಗೆ ಸುಸ್ತಾಯಿತು’ ಕೂಡ ಹೀಗೆಯೇ. ‘ಓಡಿ’ಯಂಥ ಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ಸಾಮಾನ್ಯವಾಗಿ ಕರ್ತೃ ಒಂದೇ. ಓಡಿದ್ದು ನಾನು, ಸುಸ್ತಲ್ಲ. (ಈ ಪರೀಕ್ಷೆ ಅಷ್ಟು ಗಟ್ಟಿಯಲ್ಲ. ‘ಮಳೆ ಬಂದು ಬೆಳೆ ಹಾಳಾಯಿತು’ ಅಂತ ಎರಡು ಬೇರೆ ಬೇರೆ ಕರ್ತೃಗಳನ್ನೂ ಕನ್ನಡ ಒಪ್ಪುತ್ತದೆ.)

ದೂರದ ಐಸ್‌ಲ್ಯಾಂಡಿನ ಭಾಷೆಯಲ್ಲೂ ಜನ ‘ನನಗೆ ಚಳಿ’ ಎಂಬ ಧಾಟಿಯಲ್ಲೇ ಮಾತಾಡುತ್ತಾರೆ. 1985ರಲ್ಲಿ ಭಾಷಾವಿಜ್ಞಾನಿಗಳಾದ ಝೇನೆನ್, ಮೇಲಿಂಗ್ ಮತ್ತು ತ್ರೌಯಿನ್ಸನ್ ಬರೆದ ಲೇಖನ ಅಲ್ಲಿನ ಚತುರ್ಥಿ ಪದ ಕರ್ತೃವಿನ ಪರೀಕ್ಷೆಗಳಲ್ಲಿ ಪಾಸಾಗುತ್ತದೆ ಅಂತ ತೋರಿಸಿತು. ನೋಡೋಕೆ ಹಾಗೇ ಇರುವ ಜರ್ಮನ್ ವಾಕ್ಯ ಫೇಲು. ಈ ಜರ್ಮನ್ ತೀರ್ಪನ್ನು ಭಾಷಾವಿಜ್ಞಾನಿ ಯೋಹಾನ್ನಾ ಬಾರ್ದಾಲ್ ಒಪ್ಪುವುದಿಲ್ಲ. ಅವರ ಪ್ರಕಾರ ಇಂಥ ಕರ್ತೃಗಳು ಇಂಡೋ-ಯುರೋಪಿಯನ್ ಮೂಲಭಾಷೆಯಿಂದಲೇ (ಸಂಸ್ಕೃತ, ಜರ್ಮನ್ ಮುಂತಾದವುಗಳ ಪೂರ್ವಜ ಭಾಷೆ) ಬಂದಿವೆ. ಅಂದಹಾಗೆ, ಐಸ್‌ಲ್ಯಾಂಡಿನಲ್ಲಿ ಕೆಲವು ಕ್ರಿಯಾಪದಗಳ ಜೊತೆ ದ್ವಿತೀಯೆ ಬಳಸಬೇಕಾದ ಕಡೆ ಜನ ಚತುರ್ಥಿ ಬಳಸುತ್ತಾರೆ, ಅದಕ್ಕೆ ಅಲ್ಲಿನ ಮಡಿವಂತರು ‘ಚತುರ್ಥಿ ರೋಗ’ ಅಂತಲೇ ಹೆಸರಿಟ್ಟಿದ್ದಾರೆ!

ಹಾಗಾದರೆ ಚತುರ್ಥಿ ಬರುವುದು ಯಾಕೆ? ನಮ್ಮ ಹಿಡಿತದಲ್ಲಿಲ್ಲದ ಅನುಭವಕ್ಕೆ ಅನ್ನುವುದು ಸುಲಭದ ಉತ್ತರ. ‘ಕೋಪ ಮಾಡ್ಕೋಬೇಡ’ ಅನ್ನಬಹುದು, ಏಕೆಂದರೆ ಅಲ್ಲಿ ಕರ್ತೃ ‘ನೀನು’. ‘ನಿನಗೆ ಕೋಪ ಬಂತು’ ಅನ್ನುವುದನ್ನು ಹಾಗೆ ಆಜ್ಞೆಯಾಗಿ ತಿರುಗಿಸಲು ಆಗುವುದಿಲ್ಲ. ಹೋಮ್‌ವರ್ಕ್ ಮಾಡದ ಹುಡುಗ ‘ಮರೆತೆ’ ಅನ್ನುವುದಕ್ಕಿಂತ ‘ನನಗೆ ಮರೆತುಹೋಯ್ತು ಸಾರ್’ ಅನ್ನುವುದೇ ಜಾಸ್ತಿ. ತಪ್ಪು ಸ್ವಲ್ಪ ಹಗುರವಾಗುತ್ತದೆ. ಆದರೆ ‘ನಾನು ಹೆದರಿದೆ’, ‘ನಾನು ಬಿದ್ದೆ’? ಬೇಕು ಅಂತ ಯಾರೂ ಬೀಳುವುದಿಲ್ಲ, ಆದರೂ ಪ್ರಥಮೆಯೇ.

ಭಾಷಾವಿಜ್ಞಾನಿಗಳಾದ ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ ಬೇರೆ ದಾರಿ ಹಿಡಿದರು. ಇಂಗ್ಲಿಷಿನವರು ಹಸಿವನ್ನು ಗುಣಪದವಾಗಿ ಹೇಳುತ್ತಾರೆ, ನಮಗೆ ಅದು ನಾಮಪದ. ಚತುರ್ಥಿ ಅನುಭವಿಸುವವರ ಮೇಲೆ ಉಳಿದರೆ ‘ನನಗೆ ಹಸಿವು’. ಚತುರ್ಥಿ ನಾಮಪದಕ್ಕೇ ಅಂಟಿಕೊಂಡರೆ ಆ ನಾಮಪದ ಗುಣಪದದ ಕೆಲಸ ಶುರುಮಾಡುತ್ತದೆ. ‘ಹುಡುಗ ಉದ್ದಕ್ಕೆ ಇದ್ದಾನೆ’ ಅನ್ನುವ ‘-ಕ್ಕೆ’ ಅವರ ದೊಡ್ಡ ಸಾಕ್ಷಿ. ನನಗಂತೂ ಅರ್ಥದ ವಾದಕ್ಕಿಂತ ಇದೇ ಹೆಚ್ಚು ಹಿಡಿಸುತ್ತದೆ.

ಯಾಕೆ ಅಂದರೆ ‘ಬೇಕು’ ನೋಡಿ. ‘ನನಗೆ ಕಾಫಿ ಬೇಕು’ ಅನ್ನುತ್ತೇವೆ, ಆದರೆ ‘ನಾನು ಹೋಗಬೇಕು’. ತಮಿಳು, ತೆಲುಗಿನಲ್ಲೂ ಹೀಗೇ. ಹಿಂದಿಯಲ್ಲಿ ಮಾತ್ರ ‘ಮುಝೆ ಜಾನಾ ಹೈ’, ಹೋಗುವವರಿಗೂ ಚತುರ್ಥಿ. ಹೋಗಬೇಕಾದ ಅನಿವಾರ್ಯತೆ ಎರಡೂ ಕಡೆ ಒಂದೇ. ಅರ್ಥವೇ ವಿಭಕ್ತಿಯನ್ನು ತೀರ್ಮಾನಿಸುತ್ತದೆ ಅನ್ನುವವರು ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳಬೇಕಾಗುತ್ತದೆ.